ಕಣದಲ್ಲಿ ನಡೆಯದ ಸಂಗತಿ

ಫೆಬ್ರವರಿ ಮೂವತ್ತು, ಇಸವಿ ೨೧೪೧
ತುಂಗಭದ್ರೆಯ ದಂಡೆ

ವಿನುತಾ, ಕಾಲ ಮೇಲೆ ಕಾಲು ಹಾಕಿಕೊಂಡು ಓದಬೇಡ, ನೆಟ್ಟಗೆ ಕುಳಿತು ಓದು. ನೀನು ನನ್ನ ಮುತ್ತಜ್ಜಿ, ನಿಜ. ಆದರೆ ಈ ಪತ್ರ ಮುಟ್ಟುವ ಹೊತ್ತಿಗೆ ನಿನಗಿನ್ನೂ ಮೂವತ್ತು ದಾಟಿರುವುದಿಲ್ಲ, ನನಗೆ ಎಂಬತ್ತಾಗಿದೆ. ಆದ್ದರಿಂದ ಏಕವಚನದಲ್ಲೇ ಬೈಯುತ್ತೇನೆ, ಬೈಸಿಕೊ. ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಿನಗೆ ತಿಳಿಯದ ಮಾತು ನಡುವೆ ಬಂದರೆ ಕ್ಷಮಿಸು, ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ನಾನು. ಇದು ಹಿಂದಂಚೆಯಲ್ಲಿ ಬಂದಿದೆ. ಕಳೆದ ಕಾಲಕ್ಕೆ ಹೋಗುವ ಅಂಚೆ ಅದು, ಸ್ವಂತ ರಕ್ತದವರ ಕೈಗಷ್ಟೇ ಮುಟ್ಟುತ್ತದೆ. ಉತ್ತರವನ್ನು ಇದೇ ಲಕೋಟೆಯಲ್ಲಿಟ್ಟರೆ ನನಗೆ ವಾಪಸು ಬರುತ್ತದೆ.

ನೀನು ಪುಸ್ತಕದ ಕಂಪನಿಯಲ್ಲಿ ಪ್ರೇಮ ಕಾದಂಬರಿ ಆರಿಸುವ ಕುರ್ಚಿಯಲ್ಲಿದ್ದೀಯಂತೆ. ಹಾಸಿಗೆಯ ಅಧ್ಯಾಯವಿದ್ದ ಪುಸ್ತಕ ಬಿಸಿ ಮಿರ್ಚಿಯ ಹಾಗೆ ಖರ್ಚಾಗುವುದನ್ನು ಕಂಡು, ಇನ್ನು ಯಾವ ಪ್ರೇಮಕಥೆಯೂ ಅದಿಲ್ಲದೆ ಹೊರಡಬಾರದು ಅಂತ ನಿಯಮ ಮಾಡಿದವಳೂ ನೀನೇ ಅಂತೆ. ಬೇಕಾದವರು ಬರೆಯಲಿ, ಬೇಕಾದವರು ಓದಲಿ, ನಾನೇನು ಮಡಿ ಹೆಂಗಸಲ್ಲ. ಬೀಗರೂಟದಲ್ಲಿ ಬೀಗತಿಯನ್ನು ಎದುರಿಗೆ ಕೂರಿಸಿಕೊಂಡು ನಾನು ಹಾಡಿದ ಹಾಡು ಕೇಳಿ ಗಂಡಸರು ತಾಟು ಎತ್ತಿಕೊಂಡು ಹೊರಗೆ ಓಡಿದ್ದಾರೆ. ಆದರೆ ಎಲ್ಲಕ್ಕೂ ಅದೇ ಒಗ್ಗರಣೆಯೇನೇ? ಪಾಯಸಕ್ಕೂ ಬೆಳ್ಳುಳ್ಳಿ ಹಾಕುತ್ತೀಯಾ?

ನಮ್ಮಲ್ಲಿ ಊರಿಗೊಂದು ಕಥೆಮನೆ ಇದೆ. ಹಿರಿಯರು ಹೋಗಿ ಬಾಯಲ್ಲಿ ಹೇಳಿದರೆ ಅಲ್ಲಿಯ ಯಂತ್ರ ಪುಸ್ತಕ ಮಾಡಿಕೊಡುತ್ತದೆ. ನಡೆಸುವುದು ನಿನ್ನ ಕಂಪನಿಯೇ. ನನ್ನ ಗಂಡ ನಿಹಾರಪ್ಪ ತೀರಿಕೊಂಡ ಮೇಲೆ ನಾನೂ ಹೋಗಿ ನಮ್ಮ ಕಥೆ ಹೇಳಿದೆ. ಅದು ನಮ್ಮ ಹರೆಯ, ಡೀಸೆಲ್ ಎಣ್ಣೆ ಮುಗಿದು ಯಂತ್ರಗಳು ಕೊಟ್ಟಿಗೆ ಸೇರಿದ ಕಾಲ. ನಾವು ಮತ್ತೆ ಕಣ ಮಾಡಿ ಜೋಳ ತೂರುತ್ತಿದ್ದೆವು. ಒಂದು ದಿನ ತೂರುವಾಗ ಹಾರಿದ ಹೊಟ್ಟು, ರವದಿ, ನನ್ನ ಕಣ್ಣಿಗೆ ಬಿತ್ತು. ಪಕ್ಕದ ಹೊಲದಲ್ಲಿದ್ದ ನಿಹಾರಪ್ಪ ಬಂದು, ಟವೆಲಿನ ತುದಿ ಸುತ್ತಿ, ಉಸಿರೂದಿ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತಿದ. ಮತ್ತೆ ಊದಿದ, ಮತ್ತೆ ಒತ್ತಿದ. ರವದಿ ಹೋದ ಮೇಲೂ ನಾನು ಹೋಗಿಲ್ಲ ಅಂದೆ. ಮರುತಿಂಗಳು ಅವನನ್ನೇ ಮದುವೆಯಾದೆ.

ಪುಸ್ತಕ ಬಂತು. ನೋಡಿದರೆ ನಾವಿಬ್ಬರೂ ಅದೇ ಕಣದಲ್ಲಿ, ಹಾಡಹಗಲು, ರವದಿಯ ರಾಶಿಯ ಮೇಲೆ ಬತ್ತಲೆ ಉರುಳಾಡುತ್ತಿದ್ದೇವೆ, ಪುಟಗಟ್ಟಲೆ. ಕಣ ಅಂದರೆ ಚಪ್ಪಲಿ ಬಿಟ್ಟು ಕಾಲಿಡುವ ಜಾಗ. ಅದೂ ಹೋಗಲಿ, ಜೋಳದ ರವದಿ ಕತ್ತಿಗೆ ತಾಗಿದರೇ ಸಂಜೆವರೆಗೂ ಕೆರೆದುಕೊಳ್ಳಬೇಕು. ಅದರ ಮೇಲೆ ಬರಿಮೈಯಲ್ಲಿ ಮಲಗುವವರು ಹುಚ್ಚರೇ ಇರಬೇಕು. ಈಗ ನೀರಿಗೆ ಹೋದರೆ ನೆರೆಮನೆಯ ಸಿಂಚನವ್ವ, “ಏನ್ ಬೇ, ತುರಿಕಿ ಇಳೀತೋ ಇನ್ನಾ ಐತೋ?” ಅನ್ನುತ್ತಾಳೆ.

ಅವಳ ಬಾಯಿ ನಾನು ಮುಚ್ಚಿಸಬಲ್ಲೆ. ನನ್ನನ್ನು ಚುಚ್ಚಿದ್ದು ಮೊಮ್ಮಗಳ ಮಾತು. ಓದು ಮುಗಿಸಿ ಮದುವೆಯ ಮಾತು ನಡೆದಿರುವ ಹುಡುಗಿ. ಪುಸ್ತಕದ್ದು ಸುಳ್ಳು, ನಡೆದದ್ದು ಇಷ್ಟೇ ಅಂತ ಹೇಳಿದೆ. ನನ್ನ ಮುಖ ನೋಡಿದಳು. “ಕಣ್ಣು ಊದಿದ್ದಕ್ಕ ಮದುವಿ ಆದ್ಯಾ? ಹಂಗಾರ ಇದರಾಗ ಪ್ರೀತಿ ಎಲ್ಲೈತಬೇ?” ಅಂದಳು. ಅವಳನ್ನು ಬೈದು ಫಲವಿಲ್ಲ. ಅವಳು ಓದಿದ ಯಾವ ಪುಸ್ತಕದಲ್ಲೂ ಒಬ್ಬರು ಇನ್ನೊಬ್ಬರ ಕಣ್ಣು ಊದಿ ಸುಮ್ಮನೆ ಮನೆಗೆ ಹೋದದ್ದಿಲ್ಲ.

ಕಥೆಮನೆಯ ಗುಮಾಸ್ತನ ಜೊತೆ ಜಗಳವಾಡಿದೆ. ನಿಯಮ ವಿನುತಾ ಮೇಡಂ ಅವರದು, ಅವರ ಕೈಬರಹ ತಂದರೆ ಆ ಪುಟಗಳನ್ನು ತೆಗೆಯುತ್ತೇವೆ ಅಂದ. ಬರುವ ತಿಂಗಳು ಪುಸ್ತಕ ಅಳಿಯದಚ್ಚಿಗೆ ಹೋಗುತ್ತದೆ. ಒಮ್ಮೆ ಒತ್ತಿದರೆ ಬ್ರಹ್ಮ ಬಂದರೂ ತಿದ್ದಲಾಗದ ಅಚ್ಚು ಅದು. ಆಮೇಲೆ ನಿಹಾರಪ್ಪ ಅಂದರೆ ಆ ಪುಟಗಳ ಗಂಡಸೇ. ನನ್ನವನು ಎಲ್ಲೂ ಇರುವುದಿಲ್ಲ.

ಹೇಳಿದವರು ಹೇಳದ್ದನ್ನು ಸೇರಿಸಕೂಡದು ಅಂತ ಒಂದು ಸಾಲು ಬರೆದು ಸಹಿ ಹಾಕು. ಮಾರಾಟ, ಓದುಗರ ಬಯಕೆ ಅಂತೆಲ್ಲ ನನಗೆ ಪಾಠ ಹೇಳಬೇಡ. ಪುಸ್ತಕ ಆ ಅಚ್ಚಿಗೆ ಹೋಗುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಇಂಚರವ್ವ