ಎಡಗಡೆಯ ಮಾತು

ಮಾರ್ಚ್ 4, ಮಧ್ಯಾಹ್ನ 2

ಇವತ್ತಿನ ಮೂರನೆಯ ಮಗು. ಎಂಟು ವರ್ಷ. ಕ್ಲಿಪ್ಪು, ಬೆಲ್ಟು, ಓಲೆ ಎಲ್ಲ ತೆಗೆಸಿ ಸ್ಕ್ಯಾನರಿನೊಳಗೆ ಮಲಗಿಸಿದೆ. ಒಳಗಿನಿಂದ ಮೈಕಿನಲ್ಲಿ ಪ್ರಶ್ನೆ: "ಆಂಟೀ, ಸೀನು ಬಂದ್ರೆ?"

"ಸೀನು. ಮತ್ತೆ ಮೊದಲಿಂದ ತೆಗೀತೀನಿ."

ಕಿಸಕ್ಕನೆ ನಕ್ಕಳು. ಅಷ್ಟಕ್ಕೇ ಚಿತ್ರ ಹಾಳು. ಮತ್ತೆ ಮೊದಲಿಂದ.

ಒಂಬತ್ತು ವರ್ಷದಿಂದ ಇದೇ ಕೆಲಸ. ಮೆದುಳು ಬೆಳೆಯುವುದು ಹೇಗೆ ಎಂಬ ಅಧ್ಯಯನ. ಅದೇ ಮಕ್ಕಳು ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಮೊದಲು ಬಂದ ಹುಡುಗರಿಗೆ ಈಗ ಮೀಸೆ.

ಸ್ಕ್ಯಾನ್ ಮುಗಿದ ಮೇಲೆ ಸಂಶೋಧಕಿ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. "ನೋಡಿ, ಚಿಕ್ಕವರಲ್ಲಿ ಅಕ್ಕಪಕ್ಕದ ಜಾಗಗಳದ್ದೇ ಗಿಜಿಗಿಜಿ ಓಡಾಟ. ಬೆಳೀತಾ ಬೆಳೀತಾ ದೂರದ ಜಾಗಗಳಿಗೆ ನೇರ ದಾರಿ ಗಟ್ಟಿಯಾಗುತ್ತೆ. ಬಳಸದೇ ಇರೋ ಸಣ್ಣಪುಟ್ಟ ದಾರಿ ಮುಚ್ಚಿಹೋಗುತ್ತೆ."

"ಮಧ್ಯೆ ಯಾವುದೋ ಒಂದು ಕಡಿದುಹೋದ್ರೆ?"

"ಚಿಕ್ಕವರಾದ್ರೆ ಬೇರೆ ದಾರಿ ಮಾಡ್ಕೊಳ್ಳೋದು ಸುಲಭ. ದೊಡ್ಡವರಾದ್ಮೇಲೆ... ಕಷ್ಟಾನೇ."

ಕಾಫಿ ಲೋಟ ಕೆಳಗಿಟ್ಟು ಮುಂದಿನ ಮಗುವನ್ನು ಕರೆದೆ.

ಮಾರ್ಚ್ 7

ಮಗಳು ಮಲ್ಲಿಗೆ ಮತ್ತೆ ಫಿಟ್ಸ್. ಕಾಲೇಜಿನ ಮೆಟ್ಟಿಲ ಮೇಲೆ. ಮುಂದಿನ ಹಲ್ಲು ಅರ್ಧ ಹೋಗಿದೆ. ತುಟಿಗೆ ನಾಲ್ಕು ಹೊಲಿಗೆ. ಆ ಊದಿದ ತುಟಿಯಲ್ಲೇ ಬಾಯಿ ಮುಚ್ಚದೆ ಮಾತಾಡಿದಳು. ಮಾತಿನಮಲ್ಲಿ ಎಂದು ಅವಳ ಅಜ್ಜಿ ಸುಮ್ಮನೆ ಕರೆಯಲಿಲ್ಲ.

ಮಗಳಿಗೆ ಹದಿನೇಳು. ಏಳು ವರ್ಷ ಇದ್ದಾಗಲೇ ಡಾಕ್ಟರಮ್ಮ ಹೇಳಿದ್ದರು — ಎಡಗಡೆ, ಕಿವಿಯ ಮೇಲುಭಾಗದಲ್ಲಿ ಒಂದು ಕಲೆ, ಫಿಟ್ಸ್ ಹುಟ್ಟುವುದೇ ಅಲ್ಲಿ, ತೆಗೆಯೋಣ. ಇವರು, ಮಲ್ಲಿಯ ಅಪ್ಪ, ಹೂಂ ಎಂದರು. ನಾನು ಸುತರಾಂ ಒಪ್ಪಲಿಲ್ಲ. ಮಾತು ಇರುವುದೂ ಎಡಗಡೆಯೇ. ಮಗಳ ಮಾತಿಗೆ ಕತ್ತರಿ ಹಾಕಿ ಎಂದು ನಾನು ಸಹಿ ಮಾಡುವುದೇ? ಮಾತ್ರೆಯಲ್ಲೇ ವಾಸಿಯಾದೀತು ಎಂದು ಕೂತೆ.

ಹತ್ತು ವರ್ಷ. ಐದು ಬಗೆಯ ಮಾತ್ರೆ.

ಮಾರ್ಚ್ 13

ಮಲ್ಲಿಯ ಸ್ಕ್ಯಾನ್. ಮನೆಯವರದ್ದನ್ನು ನಾವು ತೆಗೆಯುವಂತಿಲ್ಲ. ಸೀನಿಯರ್ ಕೂತರು, ನಾನು ಗಾಜಿನ ಹೊರಗೆ. ಕಿವಿಗೆ ಒಂದೊಂದೇ ಪದ ಹೇಳುತ್ತಾರೆ; ಅದರಿಂದ ಏನು ಮಾಡುತ್ತೇವೆ ಎಂದು ಅವಳು ಮನಸ್ಸಿನಲ್ಲೇ ಉತ್ತರ ಕೊಡಬೇಕು. ಮಾತು ಎಲ್ಲಿದೆ ಎಂದು ಹುಡುಕುವ ಪರೀಕ್ಷೆ.

ಸಾಯಂಕಾಲ ಎಲ್ಲರೂ ಹೋದ ಮೇಲೆ ಫೈಲು ತೆರೆದೆ. ತಪ್ಪು. ಗೊತ್ತು. ಎಡಗಡೆ ಕೆಂಪಗೆ ಉರಿಯುತ್ತಿದೆ. ಬಲಗಡೆಯೂ ಏನೋ ಇದೆ... ತೆಳುವಾಗಿ. ನನ್ನ ಆಸೆಯೇ ಹಾಗೆ ಕಾಣಿಸುತ್ತಿದೆಯೋ ಏನೋ.

ಮಾರ್ಚ್ 19

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಮಾತು ಬಹಳಷ್ಟು ಎಡಗಡೆನೇ ಇದೆ. ಬಲಗಡೆ ಸ್ವಲ್ಪ ಕೈ ಜೋಡಿಸಿದೆ. ಆಪರೇಷನ್ ಆದ್ರೆ ಫಿಟ್ಸ್ ನಿಲ್ಲೋ ಸಾಧ್ಯತೆ ಚೆನ್ನಾಗಿದೆ. ಆದ್ರೆ ಕೆಲವು ಪದ ಹೋಗಬಹುದು. ಕೆಲವು ವಾಪಸ್ ಬರದೇನೂ ಇರಬಹುದು."

"ಏಳು ವರ್ಷಕ್ಕೇ ಮಾಡಿಸಿದ್ರೆ?" ಕೇಳಿದ್ದು ಮಲ್ಲಿ.

ಡಾಕ್ಟರಮ್ಮ ನನ್ನ ಕಡೆ ನೋಡಲಿಲ್ಲ. "ಆಗ ಇಷ್ಟು ಯೋಚನೆ ಇರ್ತಿರಲಿಲ್ಲಮ್ಮ."

ದಾರಿಯುದ್ದಕ್ಕೂ ಮಲ್ಲಿ ಮಾತಾಡಲಿಲ್ಲ. ಮಲ್ಲಿ!

ಮಾರ್ಚ್ 24

ಆಪರೇಷನ್ ದಿನ ತಿಳಿಸಿ ಆಸ್ಪತ್ರೆಯ ಪತ್ರ ಬಂತು. ಏಪ್ರಿಲ್ 16. ಐದನೆಯ ತಾರೀಖಿನೊಳಗೆ ಒಪ್ಪಿಗೆ ತಿಳಿಸಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ಆಫೀಸಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ನಾಳೆ ಹೇಳುತ್ತೇನೆ.

ಏಪ್ರಿಲ್ 5, ಬೆಳಗ್ಗೆ

ಹೇಳಲಿಲ್ಲ. ಹನ್ನೆರಡು ದಿನ. ಅವಳೇ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದ್ದಾಳೆ. ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಏಳು ವರ್ಷಕ್ಕೆ ನೀನು ಬೇಡ ಅಂದೆ. ಈಗ ಹದಿನೇಳು. ಇನ್ನು ಇಪ್ಪತ್ತೇಳಕ್ಕೆ ಕೇಳೋಣ್ವಾ ಅಮ್ಮ?"

"ನಿನ್ನ ಮಾತು ಹೋದ್ರೆ—"

"ಮಾತು ನಂದು. ಹಲ್ಲೂ ನಂದೇ ಇತ್ತು."

ಇವರು ಪೇಪರು ಮಡಚಿಟ್ಟರು. ಹತ್ತು ವರ್ಷ ಒಮ್ಮೆಯೂ ಬಾಯಿ ಬಿಡದವರು ಇವತ್ತು ಬಿಟ್ಟರು. "ಅವತ್ತು ನಾನು ಸುಮ್ನಾದೆ. ಅದು ನನ್ನ ತಪ್ಪು. ಇವತ್ತು ಸುಮ್ನಿರಲ್ಲ."

ಡ್ರಾಯರಿನ ಬೀಗದಕೈ ಅವರ ಮುಂದೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ನೀನೇ ತಾ," ಎಂದರು.

ಆಫೀಸಿಗೆ ಹೋಗಿ ಪತ್ರ ತಂದೆ. ಸಹಿ ಹಾಕಿದೆ. ನನ್ನ ಹೆಸರಿನ ಕಾಗುಣಿತವೇ ಒಂದು ಕ್ಷಣ ಮರೆತಿತ್ತು.

ಏಪ್ರಿಲ್ 16, ಬೆಳಗ್ಗೆ 7.40

ಒಳಗೆ ಕರೆದುಕೊಂಡು ಹೋದರು. ಎಡಗಡೆ ಕೂದಲು ಬೋಳಿಸಿದ್ದಾರೆ. ಸ್ಟ್ರೆಚರ್ ತಿರುಗುವವರೆಗೂ ವಟವಟ — ಸೀಲಿಂಗಿನ ಲೈಟು ಎಷ್ಟು, ವಾರ್ಡ್‌ಬಾಯ್ ಚಪ್ಪಲಿ ಎಷ್ಟು ಕಿರುಗುಟ್ಟುತ್ತೆ... ಒಂದೊಂದು ಪದವನ್ನೂ ಕಿವಿಗೆ ತುಂಬಿಕೊಂಡೆ.

1.15 — ಇನ್ನೂ ಇಲ್ಲ.

2.50 — ಮುಗಿಯಿತಂತೆ. ಕಣ್ಣು ಬಿಟ್ಟಿದ್ದಾಳೆ.

ಏಪ್ರಿಲ್ 18

ಮಾತಿಲ್ಲ. ನೋಡುತ್ತಾಳೆ. ಕೈ ಹಿಂಡುತ್ತಾಳೆ. ಮೂಗು ತುರಿಸಿಕೋ ಎಂದರೆ ತುರಿಸಿಕೊಳ್ಳುತ್ತಾಳೆ, ಅಂದರೆ ಅರ್ಥವಾಗುತ್ತಿದೆ. ಬಾವು ಇಳಿಯಲಿ ಎನ್ನುತ್ತಾರೆ ಡಾಕ್ಟರಮ್ಮ.

ಇವರು ವರಾಂಡದಲ್ಲಿ ಶತಪಥ ಹಾಕುತ್ತಿದ್ದಾರೆ. ನಾನು ಅವರ ಮುಖ ನೋಡಲಾರೆ.

ಏಪ್ರಿಲ್ 20

ಚಮಚದ ಚಿತ್ರ ತೋರಿಸಿದರು. "ಬಾಗಿಲು" ಎಂದಳು. ತಪ್ಪೆಂದು ಅವಳಿಗೇ ತಿಳಿಯಿತು. ಕಾರ್ಡು ಬಿಸಾಡಿ ಗೋಡೆಗೆ ತಿರುಗಿ ಮಲಗಿದಳು.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 24, ಬೆಳಗ್ಗೆ 10

ಎಂಟು ದಿನ. ಒಂದೂ ಫಿಟ್ಸ್ ಇಲ್ಲ.

ಈಗಷ್ಟೇ ಅವರಪ್ಪನ ಮೇಲೆ ರೇಗಿದಳು. "ಅಪ್ಪಾ, ಸೆಕೆ. ಅದು ತೆಗಿ. ಅದು... ಗೋಡೇಲಿ... ಗಾಳಿ ಬರೋದು. ಅದನ್ನ ತೆಗಿ ಅಂದ್ನಲ್ಲ!"

ಕಿಟಕಿ ಎಂಬ ಪದ ಸಿಗಲಿಲ್ಲ. ಬೇರೆ ದಾರಿಯಲ್ಲಿ ಬಳಸಿಕೊಂಡು ಬಂದಳು. ಇವರು ಕಿಟಕಿ ತೆಗೆದು, ಆಚೆಗೇ ಮುಖ ಮಾಡಿ ನಿಂತುಬಿಟ್ಟರು. ಹೆಗಲು ಅಲುಗುತ್ತಿದೆ.

ಈಗ ನನ್ನ ಕಡೆ ತಿರುಗಿದ್ದಾಳೆ. ಏನೋ ಬೇಕು. ಬಲಗಡೆ ಉಳಿದ ಕೂದಲಲ್ಲಿ ಬೆರಳು ಆಡಿಸುತ್ತಿದ್ದಾಳೆ, ಹುಬ್ಬು ಗಂಟಿಕ್ಕಿದೆ. ನನಗೆ ಗೊತ್ತು, ಬಾಚಣಿಗೆ. ಹೇಳಿಕೊಡಲು ನಾಲಿಗೆ ತುದಿಗೆ ಬಂದಿದೆ.

ಹೇಳುವುದಿಲ್ಲ. ಕಾಯುತ್ತೇನೆ. ಎಷ್ಟು ಹೊತ್ತಾದರೂ—

ತುಟಿ ತೆರೆದಳು. "ಅಮ್ಮ, ಆ ಹಲ್ಲು... ಹಲ್ಲು ಇರೋ..."