ಎಡಗೈ ಸಹಿ

ಕೆ.ಆರ್. ಪುರ, ಬೆಂಗಳೂರು
12 ನವೆಂಬರ್ 2025, ಬುಧವಾರ

ಮುದ್ದು ಕೋಕಿಲಾಗೆ ಅಕ್ಕನ ಆಶೀರ್ವಾದ.

ಇಲ್ಲಿ ನಾನು ಕ್ಷೇಮ. ಅಲ್ಲಿ ನೀನೂ ಕ್ಷೇಮ ಅಂತ ಚಿಕ್ಕಮ್ಮ ಹೇಳ್ತಿದ್ರು, ನಾನೂ ನಂಬಿದ್ದೆ. ನಿನ್ನೆ ರಾಣೇಬೆನ್ನೂರಿಂದ ನೀನು ಕಳಿಸಿದ ರಿಜಿಸ್ಟರ್ಡ್ ಪೋಸ್ಟ್ ಕೈಗೆ ಬಂತು ನೋಡು, ಆಗ ಗೊತ್ತಾಯ್ತು, ಜೂನ್‌ನಲ್ಲಿ ಸ್ಕೂಟರಿಂದ ಬಿದ್ದಾಗ ನಿನಗೆ ಕೈಗೆ ಮಾತ್ರ ಅಲ್ಲ, ತಲೆಗೂ ಪೆಟ್ಟಾಗಿದೆ ಅಂತ.

ಹಕ್ಕು ಬಿಡುಗಡೆ ಪತ್ರವಂತೆ. ಐದು ತಿಂಗಳಿಂದ ಸಾಲದ ಕಂತಲ್ಲಿ ನಿನ್ನ ಪಾಲು ಕಟ್ಟೋಕಾಗಿಲ್ಲ, ಹಾಗಾಗಿ ಫ್ಲ್ಯಾಟಿನಲ್ಲಿ ನಿನ್ನ ಅರ್ಧ ಪಾಲನ್ನ ಸ್ವಸಂತೋಷದಿಂದ ನನಗೆ ಬಿಟ್ಟುಕೊಟ್ಟಿದ್ದೀಯಂತೆ. ಸ್ವಸಂತೋಷ ಅನ್ನೋದು ಆ ವಕೀಲರ ಪದ, ನಿನ್ನದಲ್ಲ. ಕೆಳಗೆ ಎಡಗೈಲಿ ಮಾಡಿದ ಸಹಿ. ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ. ಅದನ್ನ ನೋಡಿ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಅಳು ನಿಂತಿದೆ, ಸಿಟ್ಟು ಇನ್ನೂ ಇದೆ. ಫೋನ್ ಮಾಡಿದ್ರೆ ಚಿಕ್ಕಮ್ಮನ ಕೈಗೆ ಕೊಟ್ಟು ಎದ್ದು ಹೋಗ್ತೀಯ. ಅದಕ್ಕೇ ಕಾಗದ ಬರೀತಿದ್ದೀನಿ. ಇದನ್ನ ಕೂತು ಪೂರ್ತಿ ಓದ್ಬೇಕು.

ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೇ? ನೀನು ಹಕ್ಕು ಬಿಟ್ಟರೂ ಸಾಲ ನಿನ್ನನ್ನ ಬಿಡಲ್ಲ, ತಿಳ್ಕೋ. ಬ್ಯಾಂಕಿನ ಕಾಗದದಲ್ಲಿ ಇಬ್ಬರೂ ಸೇರಿ ಸಾಲಗಾರರು. ಮನೆ ನನ್ನ ಹೆಸರಿಗೆ, ಸಾಲ ನಿನ್ನ ತಲೆಗೆ, ಇದ್ಯಾವ ನ್ಯಾಯ? ಆ ವಕೀಲರಿಗೆ ಎಷ್ಟು ಕೊಟ್ಟೆ ಅಂತ ಕೇಳಲ್ಲ. ಕೇಳಿದ್ರೆ ನನಗೆ ಬಿ.ಪಿ. ಜಾಸ್ತಿ ಆಗತ್ತೆ.

ಜೊತೆಗಿಟ್ಟ ಚೀಟೀಲಿ ಮತ್ತೆ ನಿನ್ನ ಅದೇ ರಾಗ. ಸಾಲದ ಜೊತೆ ವಿಮೆ ತಗೊಂಡಿದ್ವಿ, ಅಪಘಾತ ಆಗಿ ದುಡಿಯೋಕಾಗದಿದ್ರೆ ಒಂದು ವರ್ಷದ ಕಂತು ಅವರೇ ಕಟ್ಟಬೇಕಿತ್ತು, ನನ್ನ ಡ್ರೈವಿಂಗ್ ಲೈಸೆನ್ಸ್ ಮುಗಿದಿದ್ದಕ್ಕೆ ಆ ದುಡ್ಡು ಹೋಯ್ತು, ತಪ್ಪು ನನ್ನದು, ಶಿಕ್ಷೆ ಅಕ್ಕನಿಗ್ಯಾಕೆ ಅಂತ. ಆ ವಿಷಯ ಈಗ ಬೇಡ. ಲೈಸೆನ್ಸ್ ಅಂದ ತಕ್ಷಣ ನನಗೆ ತಲೆನೋವು ಬರತ್ತೆ. ಮುಂದೆ ಓದು.

ಒಂದು ಮಾತು ನಿನಗೆ ಹೇಳಿರಲಿಲ್ಲ. ಜುಲೈ, ಆಗಸ್ಟ್ ಎರಡು ತಿಂಗಳು ಪೂರ್ತಿ ಇಪ್ಪತ್ತೆಂಟು ಸಾವಿರದ ಆರುನೂರು ನಾನೇ ಕಟ್ಟಿದೆ, ಕೂಡಿಟ್ಟಿದ್ದು ಇತ್ತು. ಸೆಪ್ಟೆಂಬರ್ ಐದಕ್ಕೆ ಖಾತೇಲಿ ಎರಡು ಸಾವಿರ ಕಮ್ಮಿ ಬಿತ್ತು, ಕಂತು ಬೌನ್ಸ್ ಆಯ್ತು. ಇಪ್ಪತ್ತೆರಡು ವರ್ಷದಿಂದ ಕಾರ್ಖಾನೆ ಸ್ಟೋರ್ಸ್‌ನಲ್ಲಿ ಒಂದು ವಾಷರ್ ಕಮ್ಮಿಯಾದ್ರೂ ಕಂಡುಹಿಡಿಯೋ ಈ ವಿಮಲಾಕ್ಷಿಗೆ ಬ್ಯಾಂಕಿಂದ ಮೆಸೇಜ್. ವಿಮಾನಪುರದ ಬಸ್ ಸ್ಟಾಪಿನಲ್ಲಿ ನಿಂತು ಓದಿದೆ, ಎರಡು ಬಸ್ ಬಿಟ್ಟೆ. ಮೂರನೇ ಬಸ್ ಹತ್ತುವಷ್ಟರಲ್ಲಿ ತೀರ್ಮಾನ ಮಾಡಿದ್ದೆ, ಇನ್ನು ಹೆದರ್ಕೊಂಡು ಕಟ್ಟೋದು ಸಾಕು, ಹೋಗಿ ಕೇಳೋದೇ ಸರಿ ಅಂತ.

ತಪ್ಪಿದ ಕಂತನ್ನ ದಂಡ ಸಮೇತ ಕಟ್ಟಿ, ಮಾರನೇ ವಾರ ರಜೆ ಹಾಕಿ ಬ್ಯಾಂಕಿಗೆ ಹೋದೆ. ಸಾಲದ ವಿಭಾಗದಲ್ಲಿ ಮುನಿರಾಜ್ ಅಂತ ಇದ್ದಾರೆ. ಕಂತು ನಿಲ್ಲಿಸೋಕೆ ಬಂದಿಲ್ಲ ಸಾರ್, ಸಣ್ಣದು ಮಾಡಿಸ್ಕೊಂಡು ಹೋಗೋಕೆ ಬಂದಿದ್ದೀನಿ ಅಂದೆ. ಅವರು ನಕ್ಕು ಕುರ್ಚಿ ತೋರಿಸಿದ್ರು. ನಿನ್ನ ಆಸ್ಪತ್ರೆ ಕಾಗದ, ಡಾಕ್ಟರ್ ಸರ್ಟಿಫಿಕೇಟ್, ನನ್ನ ಸಂಬಳದ ಚೀಟಿ ಎಲ್ಲ ಜೋಡಿಸ್ಕೊಂಡೇ ಹೋಗಿದ್ದೆ. ಹೀಗೆ ಮೊದಲೇ ಬಂದು ಹೇಳೋರು ಕಮ್ಮಿ ಮೇಡಂ, ಮೂರು ಕಂತು ತಪ್ಪಿದ ಮೇಲೆ ಅಳ್ತಾ ಬರೋರೇ ಜಾಸ್ತಿ ಅಂದ್ರು.

ಅವರು ಹೇಳಿದ್ದು ಇಷ್ಟು. ಸಾಲ ಇನ್ನು ಹನ್ನೊಂದು ವರ್ಷ ಇದೆ. ಅದನ್ನ ಹದಿನೇಳಕ್ಕೆ ಎಳೆದ್ರೆ ಕಂತು ಇಪ್ಪತ್ತೆರಡು ಸಾವಿರದ ಏಳುನೂರಕ್ಕೆ ಇಳಿಯತ್ತೆ. ಒಟ್ಟು ಬಡ್ಡಿ ಜಾಸ್ತಿ ಹೋಗತ್ತೆ, ನಿಜ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ಕಾಲು ಮಡಚೋಕಾಗಲ್ಲ ಅಂತ ಹಾಸಿಗೇನೇ ಉದ್ದ ಮಾಡಿಸ್ತಿದ್ದೀವಿ. ನಿನ್ನ ಕೈ ಸರಿಹೋಗಿ ದುಡ್ಡು ಬಂದಾಗ ಜಾಸ್ತಿ ಕಟ್ಟಿ ಬೇಗ ತೀರಿಸೋಣ, ಅದಕ್ಕೆ ದಂಡ ಇಲ್ವಂತೆ.

ಈಗ ಕಿವಿ ಕೊಟ್ಟು ಕೇಳು. ನಾನೊಬ್ಬಳೇ ಸಾಲಗಾರಳಾದ್ರೆ ಅವಧಿ ಎಳೆಯೋಕೆ ಆಗಲ್ಲ. ನನಗೆ ನಲವತ್ತೇಳು, ರಿಟೈರ್ ಆಗೋಕೆ ಹನ್ನೊಂದೇ ವರ್ಷ, ಅಷ್ಟರೊಳಗೆ ಸಾಲ ತೀರಬೇಕು. ನಿನಗೆ ಮೂವತ್ತೊಂಬತ್ತು. ಬ್ಯೂಟಿ ಪಾರ್ಲರ್ ಇನ್ನೂ ನಿನ್ನ ಹೆಸರಲ್ಲೇ ನಡೀತಿದೆ. ಆ ಹದಿನೇಳು ವರ್ಷ ಬ್ಯಾಂಕಿನೋರು ಕೊಡ್ತಿರೋದು ನಿನ್ನ ವಯಸ್ಸು ನೋಡಿ, ನನ್ನ ಮುಖ ನೋಡಿ ಅಲ್ಲ. ನೀನು ಹೋದ್ರೆ ನಿನ್ನ ಅರ್ಧ ಅಲ್ಲ, ಇಡೀ ಮನೆ ಹೋಗತ್ತೆ. ನನಗೆ ಭಾರ ಅಂದ್ಕೊಂಡು ಇಳಿಯೋಕೆ ಹೊರಟಿದ್ದೀಯಲ್ಲ, ಗಾಡಿಯ ಒಂದು ಗಾಲಿ ಹಾಗೆ ಇಳಿದು ಹೋದ್ರೆ ಹೆಂಗೆ?

ದುಡ್ಡಿನ ದಾರಿಯನ್ನೂ ಮಾಡಿಟ್ಟಿದ್ದೀನಿ. ನನ್ನ ಪಾಲು ಹದಿನಾಲ್ಕು ಸಾವಿರದ ಮುನ್ನೂರು ಯಾವಾಗಲೂ ಹೋದ ಹಾಗೆ ಹೋಗತ್ತೆ. ಬಾಲ್ಕನಿ ಇರೋ ನನ್ನ ರೂಮನ್ನ ಅಕ್ಟೋಬರಿಂದ ಇಂಚರಾ ಅನ್ನೋ ದಾವಣಗೆರೆ ಹುಡುಗಿಗೆ ಕೊಟ್ಟಿದ್ದೀನಿ, ಮಾರತ್ತಹಳ್ಳೀಲಿ ಆಫೀಸು, ಏಳೂವರೆ ಸಾವಿರ ಕೊಡ್ತಾಳೆ. ಪಾಪ, ಒಳ್ಳೆ ಹುಡುಗಿ, ಗೀಸರ್ ಆರಿಸೋದು ಒಂದು ಮರೀತಾಳೆ. ನಾನು ನಿನ್ನ ರೂಮಿಗೆ ಬಂದಿದ್ದೀನಿ. ನಿನ್ನ ಕ್ರೀಮ್ ಡಬ್ಬಿಗಳ ಮಧ್ಯೆ ನನಗೆ ಒಂದು ಬಾಚಣಿಗೆ ಇಡೋಕೂ ಜಾಗ ಇಲ್ಲ. ನೀನು ಬಂದ ಮೇಲೆ ಇಬ್ಬರೂ ಒಂದೇ ಮಂಚ. ಚಿಕ್ಕವಳಿದ್ದಾಗ ಒದೀತಿದ್ದ ಹಾಗೆ ಈಗಲೂ ಒದ್ದರೆ ಕೆಳಗೆ ಮಲಗಿಸ್ತೀನಿ.

ಇನ್ನು ನಾಜಿಶ್. ನೀನು ಪಾರ್ಲರ್ ಬೀಗ ಹಾಕು ಅಂದಿದ್ದೆ, ಅವಳು ಹಾಕಿಲ್ಲ. ಆರು ವರ್ಷ ನಿನ್ನ ಕೈಕೆಳಗೆ ಕಲಿತವಳು, ಬೀಗ ಹಾಕ್ತಾಳಾ? ಜೋಗುಪಾಳ್ಯದ ಆ ಎರಡು ಕುರ್ಚಿ ಅಂಗಡೀನ ಒಬ್ಬಳೇ ನಡೆಸ್ತಿದ್ದಾಳೆ. ಅಂಗಡಿ ಬಾಡಿಗೆ ಕಳೆದು ನಿನ್ನ ಪಾಲು ಅಂತ ತಿಂಗಳಿಗೆ ಆರು ಸಾವಿರ ತಂದು ಕೊಡ್ತಾಳೆ. ಬೇಡ ಅಂದಿದ್ದಕ್ಕೆ, ದೀದಿ ಅಂಗಡಿ, ದೀದಿ ಗಿರಾಕಿ, ನಾನು ಬರೀ ಹುಬ್ಬಿಗೆ ದಾರ ಎಳೀತೀನಿ ಅಂದ್ಲು. ನಿನ್ನ ಕೆಂಪು ಕುರ್ಚೀನ ದಿನಾ ಒರೆಸಿಡ್ತಾಳೆ, ಅದರಲ್ಲಿ ಮದುಮಗಳನ್ನ ಬಿಟ್ಟು ಬೇರೆ ಯಾರನ್ನೂ ಕೂರಿಸಲ್ಲ. ನನ್ನ ಪಾಲು, ಇಂಚರಾ ಬಾಡಿಗೆ, ನಾಜಿಶ್ ಕೊಡೋದು ಮೂರೂ ಸೇರಿದ್ರೆ ಹೊಸ ಕಂತು ಕಳೆದು ಐದು ಸಾವಿರ ಮಿಗತ್ತೆ. ಅದು ನಿನ್ನ ಫಿಸಿಯೋಥೆರಪಿಗೆ.

ನಿನ್ನ ಹಳೇ ಗಿರಾಕಿ ಅಣ್ಣಮ್ಮ ಪ್ರತಿ ಶನಿವಾರ ಅಂಗಡಿಗೆ ಬಂದು ಕೋಕಿಲಾ ಯಾವಾಗ ಬರ್ತಾಳೆ ಅಂತ ಕೇಳ್ತಾರಂತೆ. ನಾಜಿಶ್ ಹುಬ್ಬು ಚೆನ್ನಾಗಿ ತಿದ್ದುತ್ತಾಳೆ, ಆದ್ರೆ ಕೋಕಿಲಾ ಹಾಗೆ ಮಾತಾಡಲ್ಲ ಅಂತ ದೂರು. ನೋಡು, ಆ ಬೀದಿಯ ಹೆಂಗಸರು ಬರ್ತಿದ್ದಿದ್ದು ಅರ್ಧ ನಿನ್ನ ಕೈಗೆ, ಅರ್ಧ ನಿನ್ನ ಬಾಯಿಗೆ. ಬಾಯಿಗೇನೂ ಆಗಿಲ್ಲ ಅಲ್ವಾ? ಇಬ್ಬರು ಹುಡುಗಿಯರನ್ನ ಕೆಲಸಕ್ಕೆ ಹಾಕ್ಕೊಂಡು ದೀದಿ ಕಲಿಸಲಿ ಅಂತ ನಾಜಿಶ್ ಯೋಚನೆ. ನನಗೂ ಸರಿ ಅನ್ನಿಸ್ತು.

ಕೈ ಬಗ್ಗೆ ಸುಳ್ಳು ಸಮಾಧಾನ ಹೇಳಲ್ಲ. ಹಲಸೂರಿನ ಆ ತಿರುವಿನಲ್ಲಿ ಮರಳಿನ ಮೇಲೆ ಗಾಡಿ ಜಾರಿ ನಿನ್ನ ಬಲಗೈ ನರ ತುಂಡಾಯ್ತು. ಹೆಬ್ಬೆರಳಿಗೆ ಸ್ಪರ್ಶ ಬರೋಕೆ ಒಂದು ವರ್ಷ ಬೇಕು, ದಾರ ಹಿಡಿಯುವಷ್ಟು ಬರತ್ತೋ ಇಲ್ವೋ ಗೊತ್ತಿಲ್ಲ ಅಂತ ಡಾಕ್ಟರ್ ನನ್ನ ಹತ್ತಿರಾನೂ ಹೇಳಿದ್ರು. ಆಸ್ಪತ್ರೇಲಿ ನೀನು ಗೋಡೆ ಕಡೆ ತಿರುಗಿ ಮಲಗಿದ್ದು ನನಗೆ ಇವತ್ತಿಗೂ ಕಣ್ಮುಂದೆ ಇದೆ. ನನಗೂ ಹೆದರಿಕೆ ಇದೆ, ಕೋಕಿಲಾ. ಆದ್ರೆ ನೀನಿಲ್ಲದ ಮನೇಲಿ ಹೆದರೋದು ನನಗೆ ಬೇಡ.

ನಾವಿಬ್ಬರೂ ಮದುವೆ ಅನ್ನೋ ಸಂತೆಗೆ ಹೋಗಿ ಬರಿಗೈಲಿ ವಾಪಸ್ ಬಂದೋರು. ಹೆಂಗಸರಿಬ್ಬರೇ ಸೇರಿ ಫ್ಲ್ಯಾಟ್ ತಗೋತಾರಂತೆ ಅಂತ ಚಿಕ್ಕಪ್ಪ ನಕ್ಕಾಗ, ನಗಲಿ ಬಿಡು ಅಕ್ಕಾ, ಗೃಹಪ್ರವೇಶಕ್ಕೆ ಬಂದು ಹೋಳಿಗೆ ತಿಂತಾರಲ್ಲ ಅಂದವಳು ನೀನು. ತಿಂದ್ರು ಕೂಡ, ಆರು. ಆ ಕೋಕಿಲಾನ ಸ್ವಲ್ಪ ಹುಡುಕಿ ಕಳಿಸು.

ಈ ತಿಂಗಳು ಇಪ್ಪತ್ತನಾಲ್ಕು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಬ್ಯಾಂಕಿನಲ್ಲಿ ಇಬ್ಬರೂ ಸಹಿ ಮಾಡ್ಬೇಕು. ನಿನ್ನ ಹಳೇ ಸಹಿ ಈಗ ಬರಲ್ಲ ಅಂತ ಮುನಿರಾಜ್‌ಗೆ ಹೇಳಿದೆ. ಪರವಾಗಿಲ್ಲ, ಎಡಗೈಲೇ ಹೊಸ ಸಹಿಯ ಮಾದರಿ ಕೊಡಲಿ, ಆದ್ರೆ ಖುದ್ದಾಗಿ ಬರಬೇಕು, ಪ್ರತಿ ಸಲ ಒಂದೇ ಥರ ಇರಬೇಕು ಅಂದ್ರು. ಭಾನುವಾರ ರೈಲಿಗೆ ಟಿಕೆಟ್ ಮಾಡಿಸಿ ಚಿಕ್ಕಮ್ಮನ ಫೋನಿಗೆ ಕಳಿಸಿದ್ದೀನಿ. ಮೆಜೆಸ್ಟಿಕ್‌ಗೆ ನಾನೇ ಬರ್ತೀನಿ.

ನಿನ್ನ ಬಿಡುಗಡೆ ಪತ್ರವನ್ನ ಇದರ ಜೊತೆ ವಾಪಸ್ ಇಟ್ಟಿದ್ದೀನಿ. ಹರಿದಿಲ್ಲ. ಒಳ್ಳೆ ದಪ್ಪ ಕಾಗದ, ಹಿಂದೆ ಪೂರ್ತಿ ಖಾಲಿ ಇದೆ. ಅದರ ಮೇಲೆ ದಿನಾ ಇಪ್ಪತ್ತು ಸಲ ಎಡಗೈಲಿ ಸಹಿ ಅಭ್ಯಾಸ ಮಾಡು. ಬರುವಾಗ ತಗೊಂಡು ಬಾ, ನೋಡ್ತೀನಿ.

ನಿನ್ನ ದಾರಿ ನೋಡ್ತಿರೋ,
ಅಕ್ಕ
ವಿಮಲಾಕ್ಷಿ

ತಾ.ಕ.: ಕವರ್ ಅಂಟಿಸಿದ್ದೆ, ಮತ್ತೆ ಕಿತ್ತೆ. ನಿನ್ನ ಲೈಸೆನ್ಸಿಗೂ ವಿಮೆಗೂ ಸಂಬಂಧ ಇಲ್ಲ. ಆ ವಿಮೇಲಿ ನಿನ್ನ ಹೆಸರೇ ಇಲ್ಲ. ಸಾಲ ತಗೊಳ್ಳುವಾಗ ಫಾರಂ ತುಂಬಿದ್ದು ನಾನು. ಇಬ್ಬರಿಗೂ ಮಾಡಿಸಿದ್ರೆ ಹದಿನೆಂಟು ಸಾವಿರ ಜಾಸ್ತಿ ಅಂದ್ರು. ಹಿರಿಯಳು ನಾನು, ಏನಾದ್ರೂ ಆಗೋದಿದ್ರೆ ಮೊದಲು ನನಗೇ ತಾನೇ ಆಗೋದು ಅಂತ ನನ್ನೊಬ್ಬಳ ಹೆಸರು ಹಾಕಿದೆ. ಉಳಿದ ದುಡ್ಡಲ್ಲಿ ನಿನಗೆ ಕೆಂಪು ಕುರ್ಚಿ ತಂದೆ. ಜೂನ್‌ನಲ್ಲಿ ವಿಮೆ ಕಾಗದ ತೆಗೆದು ನೋಡಿ, ದುಡ್ಡು ಬರಲ್ವಂತೆ ಅಂತಷ್ಟೇ ನಿನಗೆ ಹೇಳಿದೆ. ಲೈಸೆನ್ಸ್ ಮುಗಿದಿತ್ತಲ್ಲ, ಅದಕ್ಕೇನಾ ಅಕ್ಕಾ ಅಂತ ಆಸ್ಪತ್ರೆ ಮಂಚದ ಮೇಲಿಂದ ನೀನೇ ಕೇಳಿದೆ. ನಾನು ಹೂಂ ಅಂದುಬಿಟ್ಟೆ. ಐದು ತಿಂಗಳು ನನ್ನ ತಪ್ಪನ್ನ ನೀನು ಹೊತ್ಕೊಂಡು ತಿರುಗಿದ್ದೀಯ, ನಾನು ನೋಡ್ತಾ ಕೂತಿದ್ದೀನಿ. ಅಕ್ಕ ತಂಗಿ ಹತ್ತಿರ ಕ್ಷಮೆ ಕೇಳೋ ಅಭ್ಯಾಸ ನಮ್ಮ ಮನೇಲಿಲ್ಲ. ಆದ್ರೂ ಕೇಳ್ತೀನಿ, ಕ್ಷಮಿಸು. ಬೈಯೋದಿದ್ರೆ ಭಾನುವಾರ ಬಂದು ಎದುರಿಗೆ ಬೈ. ಫೋನಲ್ಲಿ ಬೈದ್ರೆ ನಾನೂ ಇಂಚರಾ ಕೈಗೆ ಕೊಟ್ಟು ಎದ್ದು ಹೋಗ್ತೀನಿ.