ಎರೆಭೂತ ಬಿಡಿಸಿದ ಗಂಗಾಳ

ಎರೆಹಾಳು
ಬೇಗೆ ತಿಂಗಳ ಮೂವತ್ತೆಂಟನೇ ದಿನ, ೨೨೦೬

ಹಂಪಮ್ಮಜ್ಜಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಚೈತ್ರಕ್ಕೂ ವೈಶಾಖಕ್ಕೂ ನಡುವೆ ನಮಗೊಂದು ತಿಂಗಳು ಹೆಚ್ಚಿಗೆ ಹುಟ್ಟಿಕೊಂಡಿದೆ. ಬಿಸಿಲು ಇಳಿಯುವವರೆಗೂ ಅದು ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಹುಲಿಗೆಮ್ಮ, ನಿಮ್ಮ ಮಗಳ ವಂಶದಲ್ಲಿ ಎಷ್ಟೋ ತಲೆಮಾರು ಮುಂದೆ ಹುಟ್ಟುವವಳು. ಹೆಚ್ಚು ಓದಿದವಳಲ್ಲ.

ನಾಡಿದ್ದು ನಿಮ್ಮೂರಿಗೆ ವನ್ಯಜೀವಿ ನೆಲೆ ಯೋಜನೆಯ ಸರ್ವೆಯವರು ಬರುತ್ತಾರೆ. ನಿಮ್ಮ ಹುಲ್ಲುಬೀಳಿನಲ್ಲಿ ಎರೆಭೂತ ಕಂಡರೆ ಅಲ್ಲಿ ಮನೆ ಕಟ್ಟುವಂತಿಲ್ಲ, ಸೈಟು ಮಾಡಿ ಮಾರುವಂತಿಲ್ಲ. ಎರೆಭೂತವೆಂದರೆ ನಿಮಗೆ ಕಪ್ಪುನೆಲದಲ್ಲಿ ನಡೆದಾಡುವ ಎತ್ತರದ ಹಕ್ಕಿ. ನಮಗೆ ಅದು ಬರೀ ಭೂತ.

ಕಟ್ಟೆಯ ಮೇಲೆ ನಡೆದ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದಿದೆ. ಲೇಔಟ್ ಮಾಡಲು ಬಂದ ಬಿಲ್ಡರ್ ಶಂಕರಲಿಂಗ, "ಹಕ್ಕಿ ಕಂಡ್ರ ತಾನ ಯೋಜನಿ? ನಾಳಿ ಎಲ್ಲಾರೂ ಗಂಗಾಳ ಬಡದು ಭೂತ ಬಿಡಿಸಿಬಿಡ್ರಿ" ಎಂದನಂತೆ. ನೀವು, "ನನ್ ಹೊಲದಾಗ ನನ್ ಮಗಳಿಗೆ ಮನಿ ಕಟ್ಟಾಕ ಹಕ್ಕಿ ಒಪ್ಪಿಗಿ ಕೇಳ್ಬೇಕೇನು?" ಎಂದಿರಿ. "ಕೇಳಬೇ ಹಂಪಕ್ಕ, ಸಹಿ ಬರದಿದ್ರ ಹೆಬ್ಬೆಟ್ಟು ಒತ್ತೀತು!" ಎಂದು ಯಾರೋ ನಗಿಸಿದರು.

ನಿಮ್ಮ ಅಂಜಿಕೆ ಸುಳ್ಳಲ್ಲ. ಭೂಮಿ ಹೋದರೆ ಬದಲಿಗೆ ಏನು ಎಂದು ಯಾರೂ ನಿಮಗೆ ಸರಿಯಾಗಿ ಹೇಳಲಿಲ್ಲ. ಆದರೂ ನಾಳೆ ಏನಾಗುತ್ತದೆಂದು ನನಗೆ ಗೊತ್ತು. ಎಷ್ಟು ಬಾರಿಸಿದರೂ ಒಂದು ಹಕ್ಕಿ ಮಾತ್ರ ಕೂತಲ್ಲಿಂದ ಏಳುವುದಿಲ್ಲ. ನೀವು ಹತ್ತಿರ ಹೋಗಿ, ನೀವು ಉಣ್ಣುವ ಹಿತ್ತಾಳೆ ಗಂಗಾಳದ ಅಂಚು ನೆಗ್ಗುವ ಹಾಗೆ ಬಾರಿಸುತ್ತೀರಿ. ಆಗ ಅದು ಎದ್ದು ಹೋಗುತ್ತದೆ. ಬರಿನೆಲದ ಮೇಲೆ ಒಂದೇ ಮೊಟ್ಟೆ ಉಳಿಯುತ್ತದೆ. ಸರ್ವೆಯವರು ಏನೂ ಇಲ್ಲವೆಂದು ಬರೆದು ಹೋಗುತ್ತಾರೆ. ಆಮೇಲೆ ನೀವು ಆ ಗಂಗಾಳದಲ್ಲಿ ಎಂದೂ ಉಣ್ಣಲಿಲ್ಲವಂತೆ.

ಲೇಔಟ್ ಎದ್ದಿತು. ಎರೆನೆಲ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಗೋಡೆಗಳನ್ನು ಸೀಳಿತು. ಈಗ ನಾವಿರುವುದು ಆ ಮನೆಗಳ ಅಡಿಯಲ್ಲಿ, ತಂಪುಗೂಡುಗಳಲ್ಲಿ. ಹಗಲು ಕಳೆಯಲು ತೋಡಿಕೊಂಡ ಗುಂಡಿಗಳಿಗೆ ಆ ಹೆಸರು. ಅಲ್ಲೇ ಅಡುಗೆ, ಅಲ್ಲೇ ಶಾಲೆ. ಮೇಲೆ ಬಾಗಿಲಿಲ್ಲದ ಕೋಣೆಗಳಲ್ಲಿ ಗಾಳಿ ಹೊಕ್ಕರೆ ಹೂಂ ಎಂದು ಮೊಳಗುತ್ತದೆ. ಮಕ್ಕಳು ಭೂತ ಬಂತೆಂದು ಅವ್ವಂದಿರ ಸೆರಗು ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ಊರೆಲ್ಲ ಮೇಲೆ ಹೋಗಿ ತಟ್ಟೆ ಬಡಿದು ಭೂತ ಬಿಡಿಸುತ್ತದೆ. ಯಾಕೆಂದು ಕೇಳಿದರೆ ಹಿರಿಯರು ಮಾಡಿದ್ದು ಎನ್ನುತ್ತಾರೆ.

ನನ್ನ ಮಗಳಿಗೆ ನಿಮ್ಮದೇ ಹೆಸರು, ಹಂಪಮ್ಮ. ಆ ನೆಗ್ಗಿದ ಗಂಗಾಳದಲ್ಲೇ ಉಣ್ಣುತ್ತಿದ್ದಳು. ನೆಗ್ಗಿನಲ್ಲಿ ನಿಂತ ಗಂಜಿಯನ್ನು ಬೆರಳಿನಿಂದ ಬಳಿದು ನೆಕ್ಕುವುದು ಅವಳ ಆಟ. ಹೋದ ಹಬ್ಬದಲ್ಲಿ ಎಲ್ಲರೂ ಬಾರಿಸುವಾಗ ಅವಳು ಮಾತ್ರ ಕೇಳಿದಳು: "ಓಡಿಸಿದ ಮ್ಯಾಲ ಅದು ಎಲ್ಲಿಗೆ ಹೋಗ್ತತಬೇ? ಅದಕ್ಕ ಮನಿ ಇಲ್ಲೇನು?" ನಾನು ತಟ್ಟೆ ಬಾರಿಸುತ್ತಲೇ ಇದ್ದೆ. ಈ ಬೇಗೆ ತಿಂಗಳು ಅವಳನ್ನು ಒಯ್ದಿತು.

ನಾಳೆ ಇಲ್ಲೂ ಹಬ್ಬ. ಅಜ್ಜಿ, ನಿಮ್ಮ ಮಗಳ ಮನೆಗಾಗಿ ಸರ್ವೆಯವರೊಂದಿಗೆ ಜಗಳವಾಡಿ. ಬದಲಿ ಜಾಗ ಕೇಳಿ, ಕೊಡುವವರೆಗೂ ಬಿಡಬೇಡಿ. ಆ ಹಕ್ಕಿಯನ್ನು ಮಾತ್ರ ಎಬ್ಬಿಸಬೇಡಿ. ನನ್ನ ಗಂಗಾಳವನ್ನು ಮಗುಚಿ ಇಟ್ಟಿದ್ದೇನೆ. ನಿಮ್ಮದನ್ನೂ ಮಗುಚಿಡಿ. ಎರಡೂ ಒಂದೇ ಗಂಗಾಳ.

ನಿಮ್ಮ,
ಹುಲಿಗೆಮ್ಮ